450 ಕುದುರೆಗೆ 460 ಕುದುರೆ: ಎದುರುಮನೆಯ ಶೆವೆಲ್ ನಿಮ್ಮ ಮಸ್ಟಾಂಗ್‌ಗೆ ಸಮನಾ?

ಪ್ರಶ್ನೆ: ನಾನು ಹಾಸನದವನು, ಈಗ ಮಿಶಿಗನ್‌ನಲ್ಲಿ ಡೆಟ್ರಾಯಿಟ್ ಪಕ್ಕದಲ್ಲಿದ್ದೇನೆ. ನನ್ನ ಹತ್ರ 2018ರ ಫೋರ್ಡ್ ಮಸ್ಟಾಂಗ್ ಜಿಟಿ ಇದೆ, 10 ಗೇರಿನ ಆಟೋಮ್ಯಾಟಿಕ್, ಪರ್ಫಾರ್ಮೆನ್ಸ್ ಪ್ಯಾಕೇಜ್ ಇರುವುದು. ಎದುರುಮನೆಯ ಹಿರಿಯರೊಬ್ಬರ ಬಳಿ 1970ರ ಶೆವರ್ಲೆ ಶೆವೆಲ್ ಎಸ್‌ಎಸ್ 454 ಇದೆ. ಎಲ್‌ಎಸ್6 ಎಂಜಿನ್, 3 ಗೇರಿನ ಆಟೋಮ್ಯಾಟಿಕ್. "ನಂದು 450 ಹಾರ್ಸ್‌ಪವರ್, ನಿಂದು 460. ಇಷ್ಟು ವರ್ಷದಲ್ಲಿ ಬರೀ ಹತ್ತು ಕುದುರೆ ಸೇರಿಸಿದ್ರಾ?" ಅಂತ ಸಿಕ್ಕಾಗೆಲ್ಲ ಕಿಚಾಯಿಸುತ್ತಾರೆ. ಒಮ್ಮೆ ನನ್ನನ್ನು ಕೂರಿಸಿಕೊಂಡು ಹೋದರು. ನಿಜ ಹೇಳಬೇಕೆಂದರೆ ಅವರ ಕಾರೇ ಜಾಸ್ತಿ ಫಾಸ್ಟ್ ಅನ್ನಿಸಿತು. ಡ್ರ್ಯಾಗ್ ಸ್ಟ್ರಿಪ್‌ಗೆ (ನೇರ ರಸ್ತೆಯ ರೇಸ್ ಟ್ರ್ಯಾಕ್) ಹೋದರೆ ಯಾರು ಗೆಲ್ಲುತ್ತಾರೆ? ತಿರುವಿನ ರಸ್ತೆಯಲ್ಲಿ?

ಉತ್ತರ: ಮೊದಲು ಫಲಿತಾಂಶ ಹೇಳಿಬಿಡುತ್ತೇನೆ. ಕಾಲು ಮೈಲಿ ಸ್ಟ್ರಿಪ್‌ನಲ್ಲಿ ನೀವು ಗೆಲ್ಲುತ್ತೀರಿ. ಅಂತರ ಒಂದು ಸೆಕೆಂಡಿನ ಆಸುಪಾಸು. ಕೇಳೋಕೆ ಕಡಿಮೆ ಅನ್ನಿಸಬಹುದು, ಆದರೆ ಆ ವೇಗದಲ್ಲಿ ಒಂದು ಸೆಕೆಂಡ್ ಅಂದರೆ ಹತ್ತು ಕಾರಿನ ಉದ್ದ. ತಿರುವಿನ ರಸ್ತೆಯಲ್ಲಿ ಸ್ಪರ್ಧೆಯ ಮಾತೇ ಇಲ್ಲ, ಎರಡನೇ ತಿರುವಿಗೆ ಅವರು ನಿಮ್ಮ ಕನ್ನಡಿಯಲ್ಲಿ ಕಾಣುವುದಿಲ್ಲ. ಇನ್ನು ಪಕ್ಕದ ಸೀಟಿನಲ್ಲಿ ಕೂತಾಗ ಅವರ ಕಾರು ಜೋರು ಅನ್ನಿಸಿತಲ್ಲ, ಅದಕ್ಕೂ ಸರಿಯಾದ ಕಾರಣ ಇದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಆ ಹತ್ತು ಕುದುರೆ ಲೆಕ್ಕ ಸರಿ ಮಾಡೋಣ. ಅವರ 450, ನಿಮ್ಮ 460 ಎರಡನ್ನೂ ಅಳೆದ ರೀತಿ ಬೇರೆ ಬೇರೆ.

ಅಮೆರಿಕದ ಕಂಪನಿಗಳು ಆ ಕಾಲದಲ್ಲಿ ಪ್ರಕಟಿಸುತ್ತಿದ್ದದ್ದು 'ಗ್ರಾಸ್' ಹಾರ್ಸ್‌ಪವರ್. ಎಂಜಿನ್ ಕಾರಿನೊಳಗೆ ಇರುವುದಿಲ್ಲ, ಟೆಸ್ಟ್ ಬೆಡ್ ಮೇಲೆ ಒಂಟಿಯಾಗಿ ಕೂತಿರುತ್ತದೆ. ಏರ್ ಫಿಲ್ಟರ್ ಇಲ್ಲ. ಫ್ಯಾನ್ ಇಲ್ಲ. ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಪಂಪ್ ಯಾವುದರ ಹೊರೆಯೂ ಇಲ್ಲ. ಕಾರಿನ ಸೈಲೆನ್ಸರ್ ಬದಲು ಸರಾಗವಾಗಿ ಹೊಗೆ ಬಿಡುವ ದಪ್ಪ ಪೈಪು. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹೊತ್ತಿಸುವ ಕ್ಷಣ, ಎಲ್ಲಿ ಇಟ್ಟರೆ ಅತಿ ಹೆಚ್ಚು ಅಂಕಿ ಬರುತ್ತದೋ ಅಲ್ಲಿಗೆ ಇಡುವುದು. ಹಾಗೆ ಬಂದ ಅಂಕಿಯನ್ನು ಬ್ರೋಷರ್‌ನಲ್ಲಿ ಹಾಕುವುದು. ನಿಮ್ಮ ಮಸ್ಟಾಂಗ್‌ನ 460 'ನೆಟ್'. ಅಂದರೆ ಕಾರಿನಲ್ಲಿ ಇರುವ ಎಲ್ಲ ಸಾಮಾನು, ಅದೇ ಫಿಲ್ಟರ್, ಅದೇ ಸೈಲೆನ್ಸರ್ ಸಮೇತ ಅಳೆದದ್ದು. ಸಂಬಳಕ್ಕೆ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಿಟಿಸಿ, ಇನ್ನೊಂದು ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವ ದುಡ್ಡು.

ಹಾಗಾದರೆ 450 ಗ್ರಾಸ್ ಅಂದರೆ ನೆಟ್ ಎಷ್ಟು? ಅದೃಷ್ಟಕ್ಕೆ ಜನರಲ್ ಮೋಟರ್ಸ್ 1971ರಲ್ಲಿ ಒಂದೇ ಎಂಜಿನ್‌ಗೆ ಎರಡೂ ಅಂಕಿ ಕೊಟ್ಟಿತು. 1972ರಿಂದ ಬರೀ ನೆಟ್ ಮಾತ್ರ. ಆ ಒಂದು ವರ್ಷದ ಪಟ್ಟಿ ನಮ್ಮಂಥವರಿಗೆ ಚಿನ್ನ. 1971ರ ಕಾರ್ವೆಟ್‌ನಲ್ಲಿದ್ದ ಎಲ್‌ಎಸ್6 ನಿಮ್ಮ ನೆರೆಯವರ ಎಂಜಿನ್‌ನ ಒಡಹುಟ್ಟಿದ್ದು, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲನ್ನು ಅದುಮುವ ಪ್ರಮಾಣ) ಮಾತ್ರ ಇಳಿಸಿದ್ದರು. ಅದಕ್ಕೆ ಗ್ರಾಸ್ 425, ನೆಟ್ 325. ಅದೇ ವರ್ಷದ ಎಲ್‌ಎಸ್5 454ಗೆ (454 ಅಂದರೆ ಘನ ಇಂಚಿನಲ್ಲಿ ಎಂಜಿನ್ ಗಾತ್ರ) 365 ಮತ್ತು 285. ಚಿಕ್ಕ 350 ಎಲ್‌ಟಿ-1ಗೆ 330 ಮತ್ತು 275. ಅಂದರೆ ಗ್ರಾಸ್‌ನ ಮುಕ್ಕಾಲು ಭಾಗದಿಂದ ಶೇಕಡ 83ರ ತನಕ ನೆಟ್. ಈ ಪ್ರಮಾಣದಲ್ಲಿ 450 ಅಂದರೆ 345ರಿಂದ 375ರ ನಡುವೆ ಎಲ್ಲೋ ಬೀಳುತ್ತದೆ.

ನಿಮ್ಮ ನೆರೆಯವರು ಇದನ್ನು ಒಪ್ಪಲಿಕ್ಕಿಲ್ಲ. "ಕಂಪನಿಯವರು ಆಗ ಬೇಕಂತಲೇ ಕಡಿಮೆ ಬರೆಯುತ್ತಿದ್ದರು" ಅನ್ನುತ್ತಾರೆ. ಅದರಲ್ಲೂ ಸತ್ಯ ಇದೆ! ಇನ್ಶೂರೆನ್ಸ್ ಕಂಪನಿಗಳು ಹೆಚ್ಚು ಹಾರ್ಸ್‌ಪವರ್ ಕಂಡರೆ ಪ್ರೀಮಿಯಂ ಏರಿಸುತ್ತಿದ್ದವು. ಡ್ರ್ಯಾಗ್ ರೇಸ್‌ನಲ್ಲಿ ಯಾವ ಕ್ಲಾಸ್ ಅನ್ನುವುದು ಘೋಷಿತ ಅಂಕಿಯ ಮೇಲೆ ನಿಂತಿತ್ತು. ಹಾಗಾಗಿ ಫೋರ್ಡ್ ತನ್ನ 428 ಕೋಬ್ರಾ ಜೆಟ್ ಎಂಜಿನ್‌ಗೆ 335 ಅಂತ ಬರೆದುಕೊಂಡಿತು. 1969ರಲ್ಲಿ ಬರೀ 69 ಮಾಡಿದ ಕಮಾರೊ ಝಡ್‌ಎಲ್1ಗೆ ಶೆವರ್ಲೆ 430 ಅಂದಿತು. ಎರಡೂ ನಂಬುವಂಥ ಅಂಕಿ ಅಲ್ಲ. ಒಂದು ಕಡೆ ಅಳೆಯುವ ರೀತಿಯಿಂದಲೇ ಉಬ್ಬಿದ ಸಂಖ್ಯೆ, ಇನ್ನೊಂದು ಕಡೆ ಲಾಭಕ್ಕಾಗಿ ಕುಗ್ಗಿಸಿದ ಸಂಖ್ಯೆ. ಬ್ರೋಷರ್ ಹಿಡಿದು ವಾದ ಮಾಡಿದರೆ ಯಾರೂ ಸೋಲುವುದಿಲ್ಲ, ಹಾಗಾಗಿಯೇ ಈ ಜಗಳ ಇನ್ನೂ ನಡೀತಿದೆ.

ಸುಳ್ಳು ಹೇಳದ ಒಂದು ಅಂಕಿ ಇದೆ. ಕಾಲು ಮೈಲಿಯ ಕೊನೆಯಲ್ಲಿ ಕಾರು ಎಷ್ಟು ವೇಗದಲ್ಲಿತ್ತು ಅನ್ನುವುದು. ಸ್ಟ್ರಿಪ್‌ನವರು ಇದನ್ನು ಟ್ರ್ಯಾಪ್ ಸ್ಪೀಡ್ ಅನ್ನುತ್ತಾರೆ. ಒಟ್ಟು ಸಮಯ ಚೆನ್ನಾಗಿ ಬರಬೇಕಾದರೆ ಹೊರಡುವಾಗ ಟೈರ್ ಹಿಡಿತ ಬೇಕು, ಡ್ರೈವರ್ ಕೈಚಳಕ ಬೇಕು. ಟ್ರ್ಯಾಪ್ ಸ್ಪೀಡ್‌ಗೆ ಅದೆಲ್ಲ ಅಷ್ಟಾಗಿ ತಾಗುವುದಿಲ್ಲ. ಅದು ಹೆಚ್ಚುಕಡಿಮೆ ಪವರ್ ಮತ್ತು ತೂಕ, ಇವೆರಡನ್ನೇ ಹೇಳುತ್ತದೆ. ಹಳೆಯ ರೇಸಿಂಗ್ ಸೂತ್ರ ಹೀಗಿದೆ: ಗಂಟೆಗೆ ಎಷ್ಟು ಮೈಲಿ ಅನ್ನುವುದನ್ನು 234ರಿಂದ ಭಾಗಿಸಿ, ಬಂದದ್ದನ್ನು ಘನ ಮಾಡಿ (ಅದೇ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸಿ), ಡ್ರೈವರ್ ಸಮೇತ ಕಾರಿನ ತೂಕವನ್ನು ಪೌಂಡಿನಲ್ಲಿ ಹಾಕಿ ಗುಣಿಸಿ. ಹಾರ್ಸ್‌ಪವರ್ ಸಿಗುತ್ತದೆ.

ಎಲ್‌ಎಸ್6 ಶೆವೆಲ್ ಅಂದಿನ ಟೆಸ್ಟ್‌ಗಳಲ್ಲಿ 13 ಸೆಕೆಂಡ್ ಚಿಲ್ಲರೆಗೆ ಕಾಲು ಮೈಲಿ ಮುಗಿಸುತ್ತಿತ್ತು. ಚೆನ್ನಾಗಿ ಟ್ಯೂನ್ ಆಗಿದ್ದ ಕಾರಿನ ಟ್ರ್ಯಾಪ್ ಸ್ಪೀಡ್ 105 ಮೈಲಿ ಆಸುಪಾಸು. ಡ್ರೈವರ್ ಸಮೇತ ತೂಕ ಸುಮಾರು 4,000 ಪೌಂಡ್ ಇಟ್ಟುಕೊಳ್ಳಿ. 105ನ್ನು 234ರಿಂದ ಭಾಗಿಸಿದರೆ 0.449. ಅದರ ಘನ 0.09. ಗುಣಿಸಿದರೆ 360 ಹಾರ್ಸ್‌ಪವರ್. ಈಗ ನಿಮ್ಮದು. 12 ಸೆಕೆಂಡ್ ಚಿಲ್ಲರೆ, ಟ್ರ್ಯಾಪ್ 115 ಮೈಲಿ ಆಸುಪಾಸು, ನಿಮ್ಮ ಸಮೇತ ತೂಕ 3,900 ಪೌಂಡ್. ಬರುವುದು 463. ನೋಡಿ, ನಿಮ್ಮ ಕಾರು ಬ್ರೋಷರ್‌ನಲ್ಲಿ ಹೇಳಿದಷ್ಟೇ ಕೊಡುತ್ತಿದೆ. ಅವರದು 1971ರ ಪಟ್ಟಿಯಿಂದ ನಾವು ಊಹಿಸಿದ ಜಾಗಕ್ಕೇ ಬಂದು ನಿಂತಿತು. ಎರಡು ಬೇರೆ ದಾರಿಯಿಂದ ಹೋದರೂ ಉತ್ತರ ಒಂದೇ. ಹತ್ತು ಕುದುರೆ ವ್ಯತ್ಯಾಸ ಅಂದವರಿಗೆ ನೂರು ಅಂತ ಧೈರ್ಯವಾಗಿ ಹೇಳಬಹುದು.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಇಂದಿನ ಅಂಕಿ ಕೂಡ ಎಲ್ಲ ದೇಶದಲ್ಲಿ ಒಂದೇ ಇರುತ್ತದೆ ಅಂದುಕೊಳ್ಳಬೇಡಿ. 2016ರಲ್ಲಿ ಮಸ್ಟಾಂಗ್ ಜಿಟಿ ಮೊದಲ ಸಲ ಭಾರತಕ್ಕೆ ಅಧಿಕೃತವಾಗಿ ಬಂದಾಗ 5 ಲೀಟರ್ ವಿ8 ಇಲ್ಲಿ 395 ಹಾರ್ಸ್‌ಪವರ್ ಅಂತ ಬಂತು. ಅದೇ ಹೊತ್ತಿಗೆ ಅಮೆರಿಕದಲ್ಲಿ 435 ಇತ್ತು. ಅದರ ಮೇಲೆ ಬೆಂಗಳೂರು ಇರುವುದೇ 900 ಮೀಟರ್ ಎತ್ತರದಲ್ಲಿ. ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಶೇಕಡ ಎಂಟು ಹತ್ತು ಕಳೆದುಕೊಳ್ಳುತ್ತದೆ. ಊರಿನ ಗೆಳೆಯರ ವಿಡಿಯೊ ನೋಡಿ ಹೋಲಿಸುವಾಗ ಇದು ನೆನಪಿರಲಿ.

ಸರಿ, ನೂರು ಕುದುರೆ ಜಾಸ್ತಿ. ತೂಕ? ಹಳೇ ಕಾರು ಕಬ್ಬಿಣದ ಗುಡ್ಡ, ಹೊಸದು ಹಗುರ ಅಂತ ತುಂಬಾ ಜನ ನಂಬಿದ್ದಾರೆ. ಮೇಲಿನ ಲೆಕ್ಕ ನೋಡಿದಿರಲ್ಲ, ನಿಮ್ಮಿಬ್ಬರ ನಡುವೆ ಇರುವುದು ಹೆಚ್ಚೆಂದರೆ 100 ಪೌಂಡ್. ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್ ಅಂತೂ ಎರಡು ಟನ್ ದಾಟುತ್ತದೆ, ನಿಮ್ಮ ನೆರೆಯವರ ಶೆವೆಲ್‌ಗಿಂತ ಭಾರ. ಏರ್‌ಬ್ಯಾಗ್, ಗಟ್ಟಿ ಚೌಕಟ್ಟು, ದೊಡ್ಡ ಚಕ್ರ, ದೊಡ್ಡ ಬ್ರೇಕ್, ಮೈಲುದ್ದ ವೈರಿಂಗ್ ಎಲ್ಲ ಸೇರಿ ಅಲ್ಯೂಮಿನಿಯಂನಲ್ಲಿ ಉಳಿಸಿದ್ದನ್ನು ತಿಂದುಹಾಕಿವೆ.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿದೆ? ನನ್ನ ಪ್ರಕಾರ ಎಂಜಿನ್‌ಗಿಂತ ಹೆಚ್ಚಾಗಿ ಟೈರ್‌ನಲ್ಲಿದೆ. ಇದನ್ನು ಹೇಳಿದರೆ ಹಳೇ ಕಾರಿನವರಿಗೂ ಖುಷಿಯಾಗಲ್ಲ, ಹೊಸ ಕಾರಿನವರಿಗೂ ಆಗಲ್ಲ. ಟೈರ್ ಬಗ್ಗೆ ಹೆಮ್ಮೆ ಪಡುವವರು ಯಾರಿದ್ದಾರೆ?

1970ರ ಶೆವೆಲ್ ಎಸ್‌ಎಸ್ ಕಾರ್ಖಾನೆಯಿಂದ ಹೊರಬಂದದ್ದು ಎಫ್70-14 ಬಯಾಸ್ ಟೈರ್‌ಗಳ ಮೇಲೆ. 14 ಇಂಚಿನ ಚಕ್ರ. ಬಯಾಸ್ ಟೈರ್‌ನ ಒಳಗೆ ದಾರದ ಪದರಗಳು ಅಡ್ಡಡ್ಡವಾಗಿ, ಒಂದರ ಮೇಲೊಂದು ಕತ್ತರಿಯಂತೆ ಕೂತಿರುತ್ತವೆ. ಟೈರ್‌ನ ಪಕ್ಕವೂ ನೆಲಕ್ಕೆ ತಾಗುವ ಮೇಲ್ಮೈಯೂ ಒಂದೇ ಬಟ್ಟೆಯ ಹಾಗೆ ಕೂಡಿಕೊಂಡಿರುತ್ತವೆ. ಕಾರು ತಿರುಗಿದಾಗ ಪಕ್ಕ ಬಾಗಿದರೆ ಮೇಲ್ಮೈಯೂ ಸೊಟ್ಟಗಾಗುತ್ತದೆ, ಒಂದು ಅಂಚು ನೆಲ ಬಿಡುತ್ತದೆ. ಮೇಲ್ಮೈ ಅಡಿಯಲ್ಲಿ ಫೈಬರ್‌ಗ್ಲಾಸ್ ಪಟ್ಟಿ ಹಾಕಿ ಇದನ್ನು ಸ್ವಲ್ಪ ಸರಿ ಮಾಡಿದ್ದರು, ಗುಡ್‌ಇಯರ್ ಪಾಲಿಗ್ಲಾಸ್ ಅಂದರೆ ಅದೇ. ಬಿಳಿ ಅಕ್ಷರದ ಆ ಟೈರ್ ನೋಡೋಕೆ ಚೆಂದ. ಹಿಡಿತ ಮಾತ್ರ ಅಷ್ಟಕ್ಕಷ್ಟೆ. ರೇಡಿಯಲ್ ಟೈರ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತವೆ, ಮೇಲ್ಮೈಗೆ ಪ್ರತ್ಯೇಕ ಸ್ಟೀಲ್ ಪಟ್ಟಿ ಇರುತ್ತದೆ. ಪಕ್ಕ ಎಷ್ಟೇ ಬಾಗಲಿ, ಮೇಲ್ಮೈ ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡೇ ಇರುತ್ತದೆ. ಮಿಶೆಲಿನ್ ಇದನ್ನು 1940ರ ದಶಕದಲ್ಲೇ ತಂದಿತ್ತು. ಅಮೆರಿಕದ ಕಂಪನಿಗಳು ಪೂರ್ತಿ ಬದಲಾಗಿದ್ದು 1970ರ ದಶಕದಲ್ಲಿ, ಅಷ್ಟರಲ್ಲಿ ಮಸಲ್ ಕಾರುಗಳ, ಅಂದರೆ ಶೆವೆಲ್‌ನಂಥ ದೊಡ್ಡ ಎಂಜಿನ್ ತುಂಬಿದ ಕಾರುಗಳ, ಕಾಲವೇ ಮುಗಿದಿತ್ತು. ನಿಮ್ಮ ಮಸ್ಟಾಂಗ್‌ನ ಹಿಂದಿನ ಟೈರ್ 275 ಮಿಲಿಮೀಟರ್ ಅಗಲ, ಅದರ ರಬ್ಬರ್ ಬೇರೆಯದೇ ಜಾತಿ.

ಇದರಿಂದ ಏನಾಗುತ್ತದೆ ಅಂತ ಬ್ರೇಕ್ ಹಾಕಿ ನೋಡೋಣ. ಗಂಟೆಗೆ 60 ಮೈಲಿ ಅಂದರೆ ಸೆಕೆಂಡಿಗೆ 26.8 ಮೀಟರ್. ಹಳೆಯ ಬಯಾಸ್ ಟೈರ್ ಹಿಡಿತವನ್ನು 0.7 ಜಿ (ಜಿ ಅಂದರೆ ಗುರುತ್ವದ ವೇಗೋತ್ಕರ್ಷ) ಅಂತ ಇಟ್ಟುಕೊಳ್ಳಿ, ಇಂದಿನ ಒಳ್ಳೆಯ ಸಮ್ಮರ್ ಟೈರ್‌ನದು 1.1 ಜಿ. ಪಿಯುಸಿಯಲ್ಲಿ ಕಲಿತ ಸೂತ್ರ ಸಾಕು. ನಿಮ್ಮ ಕಾರು 33 ಮೀಟರ್‌ನಲ್ಲಿ ನಿಲ್ಲುತ್ತದೆ. ಅವರದಕ್ಕೆ 52 ಮೀಟರ್ ಬೇಕು. ಇದು ಅವರ ಬ್ರೇಕ್ ಪರ್ಫೆಕ್ಟ್ ಆಗಿದೆ, ಒಂದು ಚಕ್ರವೂ ಲಾಕ್ ಆಗಲಿಲ್ಲ ಅಂತ ಭಾವಿಸಿದರೆ. ಎಬಿಎಸ್ ಇಲ್ಲದ ಕಾರಿನಲ್ಲಿ ಅದು ಸುಲಭದ ಮಾತಲ್ಲ. ಇನ್ನೂ ಒಂದು ಲೆಕ್ಕ ಮಾಡಿ. ನೀವು ನಿಂತ ಜಾಗವನ್ನು ಅವರು ದಾಟುವಾಗ ಅವರ ವೇಗ ಇನ್ನೂ ಗಂಟೆಗೆ 58 ಕಿಲೋಮೀಟರ್ ಇರುತ್ತದೆ! ಎರಡೂ ಕಾರಿನ ಮುಂದೆ ಒಂದೇ ಹಸು ಅಡ್ಡ ಬಂದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಅವರ ಶೆವೆಲ್‌ಗೆ ಮುಂದೆ ಡಿಸ್ಕ್ ಬ್ರೇಕ್ ಇದೆ, ಎಸ್‌ಎಸ್ ಪ್ಯಾಕೇಜ್ ಜೊತೆ ಬರುತ್ತಿತ್ತು. ಅದು ಪುಣ್ಯ. 1964ರ ಪಾಂಟಿಯಾಕ್ ಜಿಟಿಒಗೆ, ಮಸಲ್ ಕಾರ್ ಯುಗವನ್ನೇ ಶುರುಮಾಡಿದ ಕಾರಿಗೆ, ನಾಲ್ಕೂ ಕಡೆ 9.5 ಇಂಚಿನ ಡ್ರಮ್ ಬ್ರೇಕ್. ಅಂಥ ಎಂಜಿನ್‌ಗೆ ಅಂಥ ಬ್ರೇಕ್ ಕೊಟ್ಟವರ ಧೈರ್ಯ ಮೆಚ್ಚಬೇಕು. ಎರಡು ಮೂರು ಸಲ ಜೋರಾಗಿ ಹಿಡಿದರೆ ಡ್ರಮ್ ಕಾದು ಪೆಡಲ್ ಒತ್ತಿದರೂ ಕಾರು ನಿಲ್ಲುವುದಿಲ್ಲ. ನಿಮ್ಮ ಕಾರಿನ ಮುಂದಿನ ಡಿಸ್ಕ್ 380 ಮಿಲಿಮೀಟರ್, ಆರು ಪಿಸ್ಟನ್ ಬ್ರೆಂಬೊ. ಆ ಡಿಸ್ಕ್ ಶೆವೆಲ್‌ನ 14 ಇಂಚಿನ ಚಕ್ರದೊಳಗೆ ಹೋಗುವುದೇ ಇಲ್ಲ.

ಹೊರಡುವಾಗಲೂ ಇದೇ ಕಥೆ. ಹಸಿರು ದೀಪ ಬಂದಾಗ ನಿಮ್ಮ ನೆರೆಯವರು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಹೊಗೆ ಬರುತ್ತದೆ, ಸದ್ದು ಬರುತ್ತದೆ, ಕಾರು ಮಾತ್ರ ಅಲ್ಲೇ ಇರುತ್ತದೆ. ಅವರು ಅರ್ಧ ಒತ್ತಿ, ಟೈರ್ ಕಚ್ಚಿದೆ ಅಂತ ಸೊಂಟಕ್ಕೆ ಗೊತ್ತಾದ ಮೇಲೆ ಉಳಿದದ್ದನ್ನು ಒತ್ತಬೇಕು. ಇದು ನಿಜವಾದ ಕಲೆ. ನಿಮ್ಮ ಕಾರಿನಲ್ಲಿ ಈ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ, ನಿಮಗಿಂತ ಚೆನ್ನಾಗಿ.

ಟೈರ್ ಎಷ್ಟು ಮುಖ್ಯ ಅನ್ನುವುದಕ್ಕೆ ಡಾಡ್ಜ್ ಕಂಪನಿಯೇ ಪುರಾವೆ ಕೊಟ್ಟಿದೆ. 2015ರ ಚಾಲೆಂಜರ್ ಹೆಲ್‌ಕ್ಯಾಟ್‌ಗೆ 707 ಹಾರ್ಸ್‌ಪವರ್. ಮಾಮೂಲಿ ಟೈರ್‌ನಲ್ಲಿ ಕಾಲು ಮೈಲಿಗೆ 11.2 ಸೆಕೆಂಡ್. ಎಂಜಿನ್‌ಗೆ ಕೈ ಹಚ್ಚದೆ, ಬರೀ ಡ್ರ್ಯಾಗ್ ಟೈರ್ ಹಾಕಿದರೆ 10.8. 2023ರ ಡೀಮನ್ 170 ಅಂತೂ ಎಥನಾಲ್ ಬೆರೆತ ಇಂಧನದಲ್ಲಿ 1,025 ಹಾರ್ಸ್‌ಪವರ್ ಕೊಟ್ಟು 8.91 ಸೆಕೆಂಡಿಗೆ ಮುಗಿಸಿತು. ಹಿಂದೆ 315 ಮಿಲಿಮೀಟರ್ ಅಗಲದ ಡ್ರ್ಯಾಗ್ ರೇಡಿಯಲ್. ಅದೇ ಎಂಜಿನ್ನನ್ನು ಎಫ್70-14 ಟೈರ್ ಮೇಲೆ ಕೂರಿಸಿದರೆ ಸ್ಟ್ರಿಪ್ ಉದ್ದಕ್ಕೂ ಹೊಗೆ ಹಾಕಿಕೊಂಡು ಹೋಗುತ್ತಿತ್ತು ಅಷ್ಟೆ.

ಈಗ ನಿಮಗೆ ಅವರ ಕಾರು ಜೋರು ಅನ್ನಿಸಿದ್ದು ಯಾಕೆ ಅನ್ನುವುದು. ನನಗೆ ಈ ಪ್ರಶ್ನೆಯೇ ಹೆಚ್ಚು ಇಷ್ಟವಾಯಿತು.

7.4 ಲೀಟರ್ ಎಂಜಿನ್. ಟಾರ್ಕ್, ಅಂದರೆ ತಿರುಗಿಸುವ ಬಲ, ಬ್ರೋಷರ್‌ನಲ್ಲಿ 3,600 ಆರ್‌ಪಿಎಂಗೆ 500 ಪೌಂಡ್-ಅಡಿ, ನೆಟ್‌ಗೆ ಇಳಿಸಿದರೂ 400ರ ಆಸುಪಾಸು. ನಿಮ್ಮ 5 ಲೀಟರ್‌ಗೆ 420, ಆದರೆ ಅದು 4,600 ಆರ್‌ಪಿಎಂನಲ್ಲಿ. ನಿಮ್ಮದರ 460 ಹಾರ್ಸ್‌ಪವರ್ ಸಿಗುವುದು 7,000 ಆರ್‌ಪಿಎಂನಲ್ಲಿ. ಊರೊಳಗೆ 35 ಮೈಲಿಯಲ್ಲಿ ಹೋಗುವಾಗ ಯಾರ ಎಂಜಿನ್ ಎಲ್ಲಿರುತ್ತದೆ? ನಿಮ್ಮದು ಪೆಟ್ರೋಲ್ ಉಳಿಸೋಕೆ ಮೇಲಿನ ಗೇರ್‌ನಲ್ಲಿ ತೂಕಡಿಸುತ್ತಿರುತ್ತದೆ. ಒತ್ತಿದ ಮೇಲೆ ನಾಲ್ಕೈದು ಗೇರ್ ಕೆಳಗಿಳಿದು, ಆಮೇಲೆ ಓಡುತ್ತದೆ. ಅವರದು ಇದ್ದಲ್ಲೇ ಎಳೆಯುತ್ತದೆ. ಹೋಲಿ ಕಾರ್ಬ್ಯುರೇಟರ್‌ನ ಹಿಂದಿನ ಎರಡು ಬ್ಯಾರೆಲ್ ತೆರೆದುಕೊಂಡಾಗ ಬಾನೆಟ್ ಅಡಿಯಿಂದ ಗಾಳಿ ಸೀಳುವ ಸದ್ದು. ಹಿಂಭಾಗ ಕುಸಿಯುತ್ತದೆ, ಮೂಗು ಏಳುತ್ತದೆ, ರಸ್ತೆ ಕಾಣಬೇಕಾದ ಜಾಗದಲ್ಲಿ ಬಾನೆಟ್ ಕಾಣುತ್ತದೆ. ನಮ್ಮ ಮೈಗೆ ವೇಗ ಗೊತ್ತಾಗುವುದಿಲ್ಲ. ವೇಗೋತ್ಕರ್ಷ ಗೊತ್ತಾಗುತ್ತದೆ, ಅದಕ್ಕಿಂತ ಜಾಸ್ತಿ ಅದು ಏಕಾಏಕಿ ಬದಲಾದರೆ ಗೊತ್ತಾಗುತ್ತದೆ. ಹಳೇ ಕಾರು ಎಲ್ಲವನ್ನೂ ಒಂದೇ ಏಟಿಗೆ ಕೊಡುತ್ತದೆ, ಆಮೇಲೆ ಸುಸ್ತಾಗುತ್ತದೆ. ನಿಮ್ಮದು ಸಮನಾಗಿ ತಳ್ಳುತ್ತಾ ಹೋಗುತ್ತದೆ, ಸ್ಪೀಡೋಮೀಟರ್ ನೋಡಿದಾಗಲಷ್ಟೇ ಗಾಬರಿಯಾಗುವುದು.

ಸ್ಟ್ರಿಪ್‌ನಲ್ಲಿ ಈ ಟಾರ್ಕ್ ಅವರನ್ನು ಕಾಪಾಡುವುದಿಲ್ಲ, ಕಾರಣ ಗೇರ್. ಅವರ ಟರ್ಬೊ 400 ಗೇರ್‌ಬಾಕ್ಸ್‌ನ ಮೊದಲ ಗೇರ್ ಅನುಪಾತ 2.48. ಹಿಂದಿನ ಆಕ್ಸಲ್ 3.31 ಇದ್ದರೆ ಒಟ್ಟು 8.2. ನಿಮ್ಮ ಮೊದಲ ಗೇರ್ 4.69, ಆಕ್ಸಲ್ 3.55, ಒಟ್ಟು 16.6. ಅಂದರೆ ಎಂಜಿನ್ ಕೊಟ್ಟ ಟಾರ್ಕ್ ಚಕ್ರಕ್ಕೆ ತಲುಪುವಾಗ ನಿಮ್ಮಲ್ಲಿ ಹಿಗ್ಗುವುದು ಅವರದರ ಎರಡು ಪಟ್ಟು. ಮುಂದೆಯೂ ಗೇರ್‌ಗಳು ಹತ್ತಿರ ಹತ್ತಿರ ಇರುವುದರಿಂದ ಎಂಜಿನ್ ಸದಾ ತನ್ನ ಒಳ್ಳೆಯ ಆರ್‌ಪಿಎಂನಲ್ಲೇ ಇರುತ್ತದೆ. ಅವರು ಆಕ್ಸಲ್‌ಗೆ 4.10 ಹಾಕಿಸಿದ್ದಾರಾ ಅಂತ ಕೇಳಿ. ಹಾಕಿಸಿದ್ದರೆ ಅವರು ಸ್ಟ್ರಿಪ್ ಬಗ್ಗೆ ಸೀರಿಯಸ್ ಅಂತ ಅರ್ಥ, ಸ್ವಲ್ಪ ಹುಷಾರಾಗಿರಿ.

ಎಂಜಿನ್ ತಂತ್ರಜ್ಞಾನ ಏನೂ ಬದಲಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಹತ್ತಿರ ಹತ್ತಿರ ಎರಡೂವರೆ ಲೀಟರ್ ಕಡಿಮೆ ಇದ್ದು ನೂರು ಕುದುರೆ ಜಾಸ್ತಿ ಕೊಡುವುದು ಸಣ್ಣ ವಿಷಯ ಅಲ್ಲ. ನಿಮ್ಮದರಲ್ಲಿ ಸಿಲಿಂಡರಿಗೆ ನಾಲ್ಕು ವಾಲ್ವ್, ಅವರದರಲ್ಲಿ ಎರಡು. ಅವರ ಕಂಪ್ರೆಷನ್ 11.25:1, ಅಂದಿನ ಸೀಸ ಬೆರೆತ ಪ್ರೀಮಿಯಂ ಪೆಟ್ರೋಲ್‌ಗೆ ಅಂತ ಮಾಡಿದ್ದು. ಇಂದಿನ ಬಂಕ್ ಪೆಟ್ರೋಲ್ ಹಾಕಿದರೆ ನಾಕಿಂಗ್ (ಪೆಟ್ರೋಲ್ ಹೊತ್ತಬಾರದ ಹೊತ್ತಲ್ಲಿ ಹೊತ್ತಿ ಎಂಜಿನ್ ಬಡಿದುಕೊಳ್ಳುವುದು) ಬರುವ ಸಾಧ್ಯತೆ ಇದೆ. ಅದನ್ನು ತಪ್ಪಿಸಲು ಟೈಮಿಂಗ್ ಹಿಂದೆ ಹಾಕಿದರೆ ಪವರ್ ಹೋಗುತ್ತದೆ. ನಿಮ್ಮದರ ಕಂಪ್ರೆಷನ್ ಇನ್ನೂ ಜಾಸ್ತಿ, 12:1, ಆದರೂ ಸಾದಾ ಪೆಟ್ರೋಲ್ ಕುಡಿದು ಸುಮ್ನೆ ಓಡುತ್ತದೆ. ನಾಕ್ ಸೆನ್ಸರ್ ಕ್ಷಣಕ್ಷಣಕ್ಕೂ ಕಿವಿ ಕೊಟ್ಟು ಟೈಮಿಂಗ್ ತಿದ್ದುತ್ತಿರುತ್ತದೆ. ನೇರವಾಗಿ ಸಿಲಿಂಡರಿಗೆ ಸಿಂಪಡಿಸಿದ ಪೆಟ್ರೋಲ್ ಒಳಗಿನ ಗಾಳಿಯನ್ನು ತಣ್ಣಗೆ ಮಾಡುತ್ತದೆ.

ಹಳೆಯ ಪತ್ರಿಕೆಗಳ ಅಂಕಿ ತೋರಿಸಿ ಅವರು ವಾದಕ್ಕೆ ಬಂದರೆ ಒಂದು ಕಥೆ ಹೇಳಿ. ಮಸಲ್ ಕಾರನ್ನು ಸ್ಪೋರ್ಟ್ಸ್ ಕಾರಿನ ಜೊತೆ ಹೋಲಿಸುವ ಚಟ ಶುರುವಾದದ್ದೇ ಇಂಥ ಒಂದು ಟೆಸ್ಟ್‌ನಿಂದ. 1964ರ ಮಾರ್ಚ್‌ನಲ್ಲಿ ಕಾರ್ ಅಂಡ್ ಡ್ರೈವರ್ ಪತ್ರಿಕೆ ಪಾಂಟಿಯಾಕ್ ಜಿಟಿಒವನ್ನು ಫೆರಾರಿ ಜಿಟಿಒ ಎದುರು ನಿಲ್ಲಿಸಿತು. ಮುಖಪುಟದಲ್ಲಿ ಎರಡೂ ಕಾರಿನ ಚಿತ್ರ. ಪಾಂಟಿಯಾಕ್ ಸೊನ್ನೆಯಿಂದ 60 ಮೈಲಿಗೆ 4.6 ಸೆಕೆಂಡ್ ಅಂತ ಬರೆದರು. ಅಮೆರಿಕ ಕುಣಿದಾಡಿತು. ತಮಾಷೆ ಏನೆಂದರೆ ಫೆರಾರಿಯನ್ನು ಪಾಂಟಿಯಾಕ್ ಪಕ್ಕ ಓಡಿಸಿಯೇ ಇರಲಿಲ್ಲ. ಇನ್ನೂ ತಮಾಷೆ ಎಂದರೆ ಆ ಪಾಂಟಿಯಾಕ್‌ನಲ್ಲಿ ಇದ್ದದ್ದು ಅಂಗಡಿಯಲ್ಲಿ ಸಿಗುವ 389 ಎಂಜಿನ್ ಅಲ್ಲ, ದೊಡ್ಡ 421. ಪಾಂಟಿಯಾಕ್ ಜಾಹೀರಾತಿನ ಹಿಂದಿದ್ದ ಜಿಮ್ ವಾಂಗರ್ಸ್ ಎಷ್ಟೋ ವರ್ಷದ ಮೇಲೆ ತಾವೇ ಒಪ್ಪಿಕೊಂಡರು. ಕಾರು ಸಿದ್ಧ ಮಾಡಿದ್ದು ನಿಮ್ಮ ಹತ್ತಿರದ ರಾಯಲ್ ಓಕ್‌ನ ರಾಯಲ್ ಪಾಂಟಿಯಾಕ್ ಡೀಲರ್‌ಶಿಪ್. ಆ ವರ್ಷದ ಕೆಲವು ಟೆಸ್ಟ್ ಅಂಕಿಗಳನ್ನು ನೋಡುವಾಗ ನಾನು ಒಂದು ಚಿಟಿಕೆ ಉಪ್ಪು ಪಕ್ಕದಲ್ಲಿಟ್ಟುಕೊಂಡಿರುತ್ತೇನೆ.

ಮಾಮೂಲಿ ಮಸಲ್ ಕಾರುಗಳದ್ದಂತೂ ಇನ್ನೂ ಸಪ್ಪೆ. ಎಲ್‌ಎಸ್6, 426 ಹೆಮಿ ಥರದ ಎಂಜಿನ್ ಇದ್ದವು ಬೆರಳೆಣಿಕೆಯಷ್ಟು. ಆ ಕಾಲದಲ್ಲಿ ಹೆಚ್ಚು ಜನ ಕೊಂಡದ್ದು 325–350 ಗ್ರಾಸ್ ಹಾರ್ಸ್‌ಪವರಿನ ಕಾರುಗಳನ್ನು, ಅವು ಕಾಲು ಮೈಲಿಗೆ 15 ಸೆಕೆಂಡ್ ಆಸುಪಾಸು ತೆಗೆದುಕೊಳ್ಳುತ್ತಿದ್ದವು. 301 ಹಾರ್ಸ್‌ಪವರಿನ ಟೊಯೋಟಾ ಕ್ಯಾಮ್ರಿ ವಿ6, ಹಿಂದೆ ಮಕ್ಕಳ ಸೀಟ್ ಕಟ್ಟಿಕೊಂಡು ಓಡಾಡುವ ಫ್ಯಾಮಿಲಿ ಕಾರು, 14 ಸೆಕೆಂಡ್ ಚಿಲ್ಲರೆಗೆ ಮುಗಿಸುತ್ತದೆ. ಇದನ್ನು ನೆರೆಯವರಿಗೆ ಹೇಳಬೇಡಿ. ಸಂಬಂಧ ಕೆಡುತ್ತದೆ.

ತಿರುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ ಗಟ್ಟಿ ಆಕ್ಸಲ್, ಹಗುರಾಗಿ ತಿರುಗುವ ಆದರೆ ಏನೂ ಹೇಳದ ಸ್ಟೀರಿಂಗ್, ಮುಂದೆ ಕಬ್ಬಿಣದ ದೊಡ್ಡ ಎಂಜಿನ್. ಶೆವೆಲ್ ಮಾಡಿದ್ದೇ ನೇರ ರಸ್ತೆಗೆ. ಮಸ್ಟಾಂಗ್‌ಗೂ ಎಲ್ಲ ಮಾದರಿಯಲ್ಲಿ ಸ್ವತಂತ್ರ ಹಿಂದಿನ ಸಸ್ಪೆನ್ಷನ್ ಸಿಕ್ಕಿದ್ದು 2015ರಲ್ಲಿ, ಹಾಗಾಗಿ ನೀವೂ ಜಾಸ್ತಿ ಎದೆ ಉಬ್ಬಿಸಬೇಡಿ. ನಿಜವಾದ ಸ್ಪೋರ್ಟ್ಸ್ ಕಾರು ಅಂದರೆ ಎಂಜಿನ್ ಮಧ್ಯಕ್ಕೆ ಬಂದ 2020ರ ಕಾರ್ವೆಟ್ ಸಿ8 ತೆಗೆದುಕೊಳ್ಳಿ. 495 ಹಾರ್ಸ್‌ಪವರ್, ಅಂದರೆ ನಿಮಗಿಂತ 35 ಮಾತ್ರ ಜಾಸ್ತಿ. ಆದರೆ ತೂಕ ಹಿಂದಿನ ಚಕ್ರದ ಮೇಲೆ ಕೂತಿರುವುದರಿಂದ ಸೊನ್ನೆಯಿಂದ 60 ಮೈಲಿಗೆ 2.9 ಸೆಕೆಂಡ್, ಕಾಲು ಮೈಲಿಗೆ 11 ಸೆಕೆಂಡ್ ಚಿಲ್ಲರೆ. ಇಲ್ಲೂ ಗೆದ್ದದ್ದು ಹಿಡಿತವೇ.

ನಿಮ್ಮ ನೆರೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ನಿಮ್ಮ ರಾಜ್ಯದಲ್ಲೇ, ಸ್ಟ್ಯಾಂಟನ್‌ನಲ್ಲಿ ಪ್ಯೂರ್ ಸ್ಟಾಕ್ ಮಸಲ್ ಕಾರ್ ಡ್ರ್ಯಾಗ್ಸ್ ಅಂತ ನಡೆಯುತ್ತದೆ. ಅಲ್ಲಿಗೆ ಬರುವ ಹಳೇ ಕಾರುಗಳು ಕಾರ್ಖಾನೆಯಿಂದ ಬಂದ ರೂಪದಲ್ಲೇ ಇರಬೇಕು, ಟೈರ್ ಕೂಡ ಹಳೇ ಅಳತೆಯದ್ದೇ. ಅಲ್ಲಿ ಎಲ್‌ಎಸ್6 ಶೆವೆಲ್‌ಗಳು 12 ಸೆಕೆಂಡ್‌ಗಳಲ್ಲಿ ಓಡಿದ್ದಿದೆ. ಅದೇ ಎಂಜಿನ್, ಅದೇ ಬಿಳಿ ಅಕ್ಷರದ ಟೈರ್. ಕಾರ್ಬ್ಯುರೇಟರ್, ಟೈಮಿಂಗ್, ಟೈರ್ ಗಾಳಿ, ಹೊರಡುವ ರೀತಿ, ಇದನ್ನೆಲ್ಲ ವರ್ಷಗಟ್ಟಲೆ ಕೂತು ತಿದ್ದಿದವರು ಅವರು. ನಿಮ್ಮ ನೆರೆಯವರು ಆ ಗುಂಪಿನವರಾದರೆ, ನೀವು ಹೊರಡುವಾಗ ತಡಬಡಾಯಿಸಿದರೆ, ಸೋಲೋದು ನೀವೇ.

ಹಾಗಾಗಿ ರಸ್ತೆಯಲ್ಲಿ ಆಟ ಬೇಡ. ವುಡ್‌ವರ್ಡ್ ಅವೆನ್ಯೂನಲ್ಲಿ 1960ರ ದಶಕದಲ್ಲಿ ರಾತ್ರಿ ಹೊತ್ತು ನಡೆದದ್ದೆಲ್ಲ ಆಯಿತು, ಈಗ ಅಲ್ಲಿ ಪ್ರತಿ ಆಗಸ್ಟ್‌ನಲ್ಲಿ ಡ್ರೀಮ್ ಕ್ರೂಸ್ ನೋಡಲು ಹೋದರೆ ಸಾಕು. ಯಾರು ಬೇಕಾದರೂ ಓಡಿಸಬಹುದಾದ ಟೆಸ್ಟ್ ಅಂಡ್ ಟ್ಯೂನ್ ರಾತ್ರಿಗೆ ಇಬ್ಬರೂ ಒಟ್ಟಿಗೆ ಹೋಗಿ. ಹೊರಡುವ ಮುಂಚೆ ಅವರ ಟೈರ್ ಪಕ್ಕದ ತಯಾರಿಕೆ ದಿನಾಂಕ ನೋಡಿ. ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಶೋ ಕಾರುಗಳಲ್ಲಿ ಟ್ರೆಡ್ ಹೊಸದರಂತೆ ಇದ್ದು ರಬ್ಬರ್ ಮಾತ್ರ ಒಣಗಿ ಸೀಳಿರುವುದು ಮಾಮೂಲು. ಹತ್ತು ವರ್ಷ ದಾಟಿದ್ದರೆ ನೂರು ಮೈಲಿ ವೇಗಕ್ಕೆ ಒಪ್ಪಲೇಬೇಡಿ. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತಲೂ ಕೇಳಿ, ಕಾಲು ಮೈಲಿ ಆದ ಮೇಲೆ ನಿಲ್ಲಿಸಬೇಕಲ್ವಾ?

ಓಟ ಮುಗಿದ ಮೇಲೆ ಒಂದು ಚೀಟಿ ಕೊಡುತ್ತಾರೆ. ಎಲ್ಲರೂ ಕೆಳಗಿನ ಒಟ್ಟು ಸಮಯ ನೋಡಿ ಕೂಗಾಡುತ್ತಾರೆ. ನೀವು ಮೊದಲು 60 ಅಡಿ ಸಮಯ, ಅಂದರೆ ಮೊದಲ 60 ಅಡಿ ದಾಟಲು ಹಿಡಿದ ಸೆಕೆಂಡ್, ನೋಡಿ. ಅವರದು 2.2ಕ್ಕಿಂತ ಮೇಲಿದ್ದು ನಿಮ್ಮದು 2ಕ್ಕಿಂತ ಕೆಳಗಿದ್ದರೆ ಅದು ಟೈರ್ ಮತ್ತು ಗೇರ್‌ನ ವ್ಯತ್ಯಾಸ. ಆಮೇಲೆ ಟ್ರ್ಯಾಪ್ ಸ್ಪೀಡ್ ನೋಡಿ, 234ರಿಂದ ಭಾಗಿಸಿ, ಘನ ಮಾಡಿ, ತೂಕದಿಂದ ಗುಣಿಸಿ. ಅವರ ಎದುರೇ ಮಾಡಿ, ಫೋನ್ ಕ್ಯಾಲ್ಕುಲೇಟರ್ ಅವರ ಕೈಗೇ ಕೊಡಿ. 400 ದಾಟಿದ ಅಂಕಿ ಬಂದರೆ ಆ ಎಂಜಿನ್ ಒಳಗೆ ಯಾರೋ ಕೈ ಹಾಕಿದ್ದಾರೆ, ಕ್ಯಾಮ್‌ಶಾಫ್ಟ್ ಯಾವುದು ಅಂತ ಕೇಳಿ. ಎರಡೂ ಚೀಟಿಯ ಫೋಟೋ ನನಗೂ ಕಳಿಸಿ.